ತೂಕ ಇಳಿಸುವ ಆನ್‌ಲೈನ್ ಕೋರ್ಸ್: ಹಣ ಕಟ್ಟುವ ಮುನ್ನ

ಮೊಬೈಲಿನಲ್ಲೇ ತೂಕ ಇಳಿಸುವ ಕೋರ್ಸಿಗೆ ಸೇರಬೇಕೆಂದಿದ್ದೀರಾ? ಮೊದಲು ಒಂದನ್ನು ಗಮನಿಸಿ: ಅವರು ನಿಮ್ಮ ಮಾತ್ರೆಗಳ ಬಗ್ಗೆ ಕೇಳಿದರೇ?

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಏಕಾಏಕಿ ಊಟ ಕಡಿಮೆ ಮಾಡಿದರೆ ರಕ್ತದ ಸಕ್ಕರೆ ಕುಸಿದು ಬೆವರು, ನಡುಕ ಬರಬಹುದು, ಪ್ರಜ್ಞೆಯೂ ತಪ್ಪಬಹುದು. ಬಿಪಿ ಮಾತ್ರೆಯವರಿಗೆ ತಲೆಸುತ್ತು ಬರಬಹುದು. ಹಾಗೆಂದು ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಡೋಸ್ ಬದಲಿಸಬೇಕಾದವರು ನಿಮ್ಮ ವೈದ್ಯರು, ಕೋಚ್ ಅಲ್ಲ.

ವಾರಕ್ಕೆ ಅರ್ಧದಿಂದ 1 ಕಿಲೋ ಇಳಿದರೆ ಸಾಕು. "ತಿಂಗಳಿಗೆ 10 ಕಿಲೋ" ಎನ್ನುವವರನ್ನೂ, ತಮ್ಮದೇ ಪುಡಿ ಕೊಳ್ಳಲೇಬೇಕು ಎನ್ನುವವರನ್ನೂ ದೂರವಿಡಿ. ಮುಂಬೈಯಲ್ಲಿದ್ದರೂ ನಮ್ಮ ತಟ್ಟೆಯಲ್ಲಿರುವುದು ರೊಟ್ಟಿ, ಮುದ್ದೆ, ಸಾರು. ಅವುಗಳದ್ದೇ ಅಳತೆ ಹೇಳಿಕೊಡುವವರಾದರೆ ಸೇರಿ. 80 ಕಿಲೋ ಇರುವವರು 4 ಕಿಲೋ ಇಳಿಸಿದರೂ ಬಿಪಿ, ಸಕ್ಕರೆಗೆ ಒಳ್ಳೆಯದೇ.

ಮಾತ್ರೆ ತೆಗೆದುಕೊಳ್ಳುವ ಹಿರಿಯರು ಮನೆಯಲ್ಲಿದ್ದರೆ ಅವರಿಗೂ ಓದಿ ಹೇಳಿ.