ಈಶ್ವರಬಳ್ಳಿಯೂ ಹಾವಿನ ವಿಷವೂ

ಮುಂಗಾರು ಮೊದಲಾಯಿತೆಂದರೆ ನಮ್ಮ ಕಾಸರಗೋಡಿನ ತೋಟಗದ್ದೆಗಳಲ್ಲಿ ಹಾವಿನ ಭಯವೂ ಮೊದಲಾಗುವುದು. 2000ದಿಂದ 2019ರ ವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಮಡಿದರೆಂದು ಅಂದಾಜು. ಇಂಥ ಸಮಯದಲ್ಲಿ ಈಶ್ವರಬಳ್ಳಿಯ ಬೇರನ್ನು ತೇಯ್ದು ಕುಡಿಸುವ ಪದ್ಧತಿ ನಮ್ಮ ಹಿರಿಯರಲ್ಲಿತ್ತು. ಮಲೆಯಾಳಿಗಳು ಇದನ್ನೇ ಗರುಡಕ್ಕೊಡಿ ಎನ್ನುವರು. ಈ ನಂಬಿಕೆಯಲ್ಲಿ ಹುರುಳೆಷ್ಟು ಎಂಬುದನ್ನು ವಿಚಾರಿಸೋಣ.

ಹಾವಿನ ವಿಷವು ಒಂದೇ ವಸ್ತುವಲ್ಲ. ಅನೇಕ ಪ್ರೋಟೀನುಗಳ ಮಿಶ್ರಣ. ನಾಗರಹಾವು, ಕಟ್ಟುಹಾವುಗಳ ವಿಷವು ನರಗಳ ಆಜ್ಞೆ ಸ್ನಾಯುಗಳಿಗೆ ಮುಟ್ಟದಂತೆ ತಡೆದು ಉಸಿರನ್ನು ನಿಲ್ಲಿಸುವುದು. ಕೊಳಕುಮಂಡಲದ ವಿಷವು ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನು ಕೆಡಿಸುವುದು. ಈಶ್ವರಬಳ್ಳಿಯಲ್ಲಿರುವ ಅರಿಸ್ಟೊಲೋಕಿಕ್ ಆಮ್ಲವು ವಿಷದಲ್ಲಿರುವ ಫಾಸ್ಫೊಲೈಪೇಸ್ ಎಂಬ ಕಿಣ್ವವನ್ನು ಪ್ರಯೋಗಶಾಲೆಯಲ್ಲಿ ತಡೆದಿರುವುದು ನಿಜ. ಆದರೆ ಒಂದನ್ನು ತಡೆದ ಮಾತ್ರಕ್ಕೆ ಉಳಿದವು ಅಡಗಲಾರವು. ಮೇಲಾಗಿ ಆ ಆಮ್ಲವೇ ಮೂತ್ರಪಿಂಡಗಳನ್ನು ಹಾಳುಮಾಡಿ ಕ್ಯಾನ್ಸರಿಗೆ ಕಾರಣವಾಗುವುದೆಂದು ಸಿದ್ಧವಾಗಿದೆ.

ಹಾಗಾದರೆ ಬೇರು ಕುಡಿದವರು ಬದುಕಿದ್ದು ಹೇಗೆ? ಕಚ್ಚಿದ ಹಾವುಗಳೆಲ್ಲ ವಿಷದವುಗಳಲ್ಲ. ವಿಷದ ಹಾವೂ ಕೆಲವೊಮ್ಮೆ ವಿಷವನ್ನು ಸೇರಿಸದೆಯೇ ಕಚ್ಚುವುದುಂಟು. ಹೀಗೆ ತಾವಾಗಿ ಉಳಿದವರ ಕೀರ್ತಿ ಬಳ್ಳಿಗೆ ಸಂದಿತು.

ಕೆಲವು ಪ್ರಾಣಿಗಳಿಗಾದರೋ ಪ್ರಕೃತಿಯೇ ರಕ್ಷಣೆಯನ್ನಿತ್ತಿದೆ. ಮುಂಗುಸಿಯ ಸ್ನಾಯುಗಳಲ್ಲಿ ನಾಗರವಿಷವು ಅಂಟಬೇಕಾದ ಜಾಗದ ರಚನೆಯೇ ಬೇರೆ. ಆ ಬೀಗಕ್ಕೆ ಈ ಕೀಲಿಕೈ ಹೊಂದದು. ಅಮೆರಿಕದ ಅಪೋಸಮ್ ಎಂಬ ಪ್ರಾಣಿಯ ರಕ್ತದ ಪ್ರೋಟೀನಿನಲ್ಲಿರುವ 11 ಅಮೈನೋ ಆಮ್ಲಗಳ ತುಣುಕನ್ನು ಕ್ಯಾಲಿಫೋರ್ನಿಯದ ವಿಜ್ಞಾನಿಗಳು ಬ್ಯಾಕ್ಟೀರಿಯಗಳಿಂದ ತಯಾರಿಸಿದರು. ಅದು ಇಲಿಗಳನ್ನು ಹಾವಿನ ವಿಷದಿಂದ ಕಾಪಾಡಿತೆಂದು 2015ರಲ್ಲಿ ತಿಳಿಸಿದರು. ಇದು ಆಶಾದಾಯಕವೇ; ಆದರೆ ಇಲಿಗೆ ಸಂದುದು ಮನುಷ್ಯನಿಗೆ ಔಷಧವಾಗಲು ಇನ್ನೂ ಅನೇಕ ಪರೀಕ್ಷೆಗಳನ್ನು ದಾಟಬೇಕು.

ಸದ್ಯಕ್ಕೆ ನಮಗೆ ಆಸರೆಯಾಗಿರುವುದು ಕುದುರೆಯ ರಕ್ತ. 1890ರ ದಶಕದಲ್ಲಿ ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ಟರು ಪ್ರಾಣಿಗಳಿಗೆ ನಾಗರವಿಷವನ್ನು ಸ್ವಲ್ಪಸ್ವಲ್ಪವಾಗಿ ಕೊಟ್ಟು, ಅವುಗಳ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳಿಂದ ಪ್ರತಿವಿಷವನ್ನು ಸಿದ್ಧಪಡಿಸಿದರು. ಇಂದು ಭಾರತದ ಆಸ್ಪತ್ರೆಗಳಲ್ಲಿ ಕೊಡುವ ಪ್ರತಿವಿಷವೂ ಇದೇ ಬಗೆಯದು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕರ ವಿಷಕ್ಕೆ ಅದು ಸಲ್ಲುವುದು.

ಆದುದರಿಂದ ವಿದ್ಯಾರ್ಥಿಗಳೇ, ಮನೆಯ ಹಿರಿಯರಿಗೂ ಇದನ್ನು ಓದಿಹೇಳಿರಿ. ಹಾವು ಕಚ್ಚಿದಲ್ಲಿ ಕೊಯ್ಯಬಾರದು, ಚೀಪಬಾರದು, ಹಗ್ಗದಿಂದ ಬಿಗಿಯಬಾರದು. ಕಚ್ಚಿಸಿಕೊಂಡವರನ್ನು ನಡೆಯಗೊಡದೆ, ಆ ಅಂಗವನ್ನು ಅಲುಗಾಡಿಸದೆ, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಬೇರನ್ನು ಅರಸಿ ತಂದು ತೇಯುವಷ್ಟರಲ್ಲಿ ಕಳೆಯುವ ಹೊತ್ತು ಮರಳಿ ಬಾರದು.