ಮಲ್ಲರ ಖುರಾಕು ಯಾರ ಹೊಣೆ?

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಜಾತ್ರೆಯ ಕಣದಲ್ಲಿ ಗೆದ್ದ ಪೈಲವಾನನಿಗೆ ಚಪ್ಪಾಳೆ ತಟ್ಟಿ ನಾವೆಲ್ಲರೂ ಮನೆಗೆ ಮರಳುತ್ತೇವೆ. ಕುಸ್ತಿಯಾದರೋ ಒಂದು ದಿನದ್ದು. ಹಾಲು, ತುಪ್ಪ, ಬಾದಾಮಿಗಳ ಖುರಾಕು ವರ್ಷವಿಡೀ ನಡೆಯತಕ್ಕದ್ದು. ನೆರೆಯ ಕೊಲ್ಲಾಪುರದ ಶಾಹೂ ಮಹಾರಾಜರು ಇದನ್ನು ಬಲ್ಲವರಾಗಿದ್ದರು. 1912ರ ಖಾಸಬಾಗ ಮೈದಾನವನ್ನು ಕಟ್ಟಿಸಿದ ಅವರು ಮಲ್ಲರನ್ನು ತಾಲೀಮಿನಲ್ಲಿಟ್ಟು ಪೋಷಿಸಿದರು. 1949ರಲ್ಲಿ ಆ ಸಂಸ್ಥಾನವು ವಿಲೀನವಾಯಿತು. ಇಂದು ಮಲ್ಲನಿಗೆ ಉಳಿದುದು ಜಾತ್ರಾ ಕಮಿಟಿಯ ವಂತಿಗೆ, ವ್ಯಾಪಾರಿಗಳ ಇನಾಮು.

ಧಣಿಯು ಶ್ರೀಮಂತನಾದ ಮಾತ್ರಕ್ಕೆ ಮಲ್ಲನ ಪಾಲು ಬೆಳೆಯುವುದಿಲ್ಲವೆಂಬುದಕ್ಕೆ ಅಮೇರಿಕೆಯೇ ಸಾಕ್ಷಿ. ಅಲ್ಲಿಯ ಯು.ಎಫ್.ಸಿ. ಎಂಬ ಮಿಶ್ರ ಮಲ್ಲಯುದ್ಧದ ಕಂಪನಿಯು 2015ರಲ್ಲಿ ಎಲ್ಲರಿಗೂ ಒಂದೇ ಉಡುಪನ್ನು ವಿಧಿಸಿತು. ಮಲ್ಲರು ಕಣದಲ್ಲಿ ತೊಟ್ಟ ಬಟ್ಟೆಯ ಮೇಲಿನ ಜಾಹೀರಾತಿನಿಂದ ಪಡೆಯುತ್ತಿದ್ದ ಸ್ವಂತ ಗಳಿಕೆಯು ನಿಂತಿತು. ಸಂಭಾವನೆ ತಗ್ಗಿಸಲಾಗಿದೆಯೆಂದು ಮಲ್ಲರು 2014ರಲ್ಲಿ ಹೂಡಿದ ದಾವೆಯು 2025ರಲ್ಲಿ 37.5 ಕೋಟಿ ಡಾಲರುಗಳ ರಾಜಿಯಲ್ಲಿ ಮುಗಿಯಿತು.

ಕರ್ನಾಟಕ ಸರಕಾರವು ಮಾಜಿ ಪೈಲವಾನರಿಗೆ ಮಾಸಾಶನ ಕೊಡುತ್ತಿರುವುದು ಸ್ತುತ್ಯವೇ. ಆದರೆ ಮಾಸಾಶನವು ಮುಪ್ಪಿಗೆ, ಖುರಾಕು ಯೌವನಕ್ಕೆ. ಕಮಿಟಿಗಳು ಕುಸ್ತಿ ಗೊತ್ತುಪಡಿಸುವಾಗಲೇ ಗೆದ್ದವನ, ಸೋತವನ ಇಬ್ಬರ ಇನಾಮನ್ನೂ ಬರೆದುಕೊಡಲಿ. ದೇಣಿಗೆಯ ಒಂದು ಪಾಲನ್ನು ಗಾಯಗೊಂಡವರಿಗಾಗಿ ತೆಗೆದಿಡಲಿ. ಕಣದ ಕೀರ್ತಿಯನ್ನು ಬಯಸುವ ಊರು ಕಣಕ್ಕಿಳಿದವನ ಅನ್ನದ ಲೆಕ್ಕವನ್ನೂ ಇಡಬೇಕೆಂದು ನಾವು ಸೂಚಿಸುತ್ತೇವೆ.