ಮಾವನ ಚುಂಗಾಣಿ

ಸವದತ್ತಿಯ ಸಮೀಪದ ಹೂಲಿಯೆಂದರೆ ಬಲ್ಲವರಿಗೆ ನೆನಪಾಗುವುದು ಅಲ್ಲಿಯ ಪಂಚಲಿಂಗೇಶ್ವರ ದೇವಾಲಯ. ನನಗಾದರೋ ಮೊದಲು ನೆನಪಾಗುವುದು ನನ್ನ ಸೋದರಮಾವನ ಮರದ ಚುಂಗಾಣಿ. ಅವರ ಓರಗೆಯವರೆಲ್ಲ ಮಣ್ಣಿನ ಚಿಲುಮೆಗೆ ಹರಳು ಹಾಕಿ, ಒದ್ದೆ ಬಟ್ಟೆ ಸುತ್ತಿ ಸೇದುತ್ತಿದ್ದರೆ, ಬೆಳಗಾವಿಯಲ್ಲಿ ಯಾರದೋ ಬಾಯಲ್ಲಿ ಪೈಪನ್ನು ಕಂಡುಬಂದ ಮಾವನಿಗೆ ಅಂಥದನ್ನು ತಾವೇ ಮಾಡಬೇಕೆಂಬ ಹಂಬಲ ಹುಟ್ಟಿತು.

ಪಾಶ್ಚಾತ್ಯರು ಪೈಪಿಗೆ ಬಳಸುವುದು ಮೆಡಿಟರೇನಿಯನ್ ತೀರದ ಬ್ರೈಯರ್ ಗಿಡದ ಬೇರುಗಂಟನ್ನು. ಅದು ಸುಲಭವಾಗಿ ಸುಡದು. ಅದನ್ನು ಕುದಿಸಿ, ತಿಂಗಳುಗಟ್ಟಲೆ ಒಣಗಿಸಿದ ಮೇಲೆಯೇ ಕೊರೆಯುವುದು. ಹೂಲಿಗೆ ಬ್ರೈಯರ್ ಎಲ್ಲಿಂದ ಬರಬೇಕು? ಗಾಡಿಯ ಗಾಲಿಗೆ ಒದಗುವ ಜಾಲಿಯೇ ಗತಿ. ಚೆನ್ನಾಗಿ ಒಣಗಿದ ಜಾಲಿಯ ತುಂಡಿನಲ್ಲಿ ಹೆಬ್ಬೆರಳು ಹಿಡಿಸುವಷ್ಟು ಕುಳಿಯನ್ನು ಬೈರಿಗೆಯಿಂದ ಕೊರೆದು, ಹೊಗೆಯ ದಾರಿಯನ್ನು ಕಾದ ಕಬ್ಬಿಣದ ಸರಳಿನಿಂದ ಸುಟ್ಟು ತೆಗೆದರು.

ಲೆಕ್ಕ ತಪ್ಪಿದುದು ಇಲ್ಲಿಯೇ. ಹೊಗೆಯ ದಾರಿ ಕುಳಿಯ ತಳಕ್ಕೇ ಬಂದು ಕೂಡಬೇಕು. ಮಾವನವರದು ಬೆರಳಗಲ ಮೇಲೆ ಕೂಡಿತು. ತಳದ ತಂಬಾಕು ಉರಿಯದೆ ತೊಯ್ದು ಕುಳಿತು, ಎಳೆದಾಗಲೆಲ್ಲ ಗೊರಗೊರ ಸದ್ದು! ಮಾವ ಎದೆಗುಂದಲಿಲ್ಲ. ಬೂದಿಯನ್ನು ನೀರಿನಲ್ಲಿ ಕಲಸಿ, ತಳಕ್ಕೆ ಮೆತ್ತಿ, ಒಣಗಿಸಿ, ತಳವನ್ನೇ ಎತ್ತರಿಸಿದರು. ಪೈಪಿನ ಮರ್ಮ ಬಲ್ಲವರು ಮಾಡುವ ದುರಸ್ತಿಯೂ ಇದೇ. ಕಿರಿದಾಗಿದ್ದ ದಾರಿಯನ್ನು ಸುಮಾರು 4 ಮಿಲಿಮೀಟರು ಅಗಲಕ್ಕೆ ಹಿಗ್ಗಿಸಿದರು. ಒಳಗೆ ಏನನ್ನೂ ಬಳಿಯದೆ ಹೊರಮೈಗಷ್ಟೇ ಜೇನುಮೇಣ ತಿಕ್ಕಿದರು. ಕೊನೆಗೆ ಗೇಣುದ್ದದ ಬಿದಿರಿನ ಕೊಳವೆಯನ್ನು ಜೋಡಿಸಿದರು.

ಈ ಕೊಳವೆಗೆ ಕಾರಣ ಅವರ ಕೆಮ್ಮು. "ಹೊಗಿ ಬಿಸಿ ಐತಿ, ಅದಕ್ಕ ಕೆಮ್ಮು ಬರತೈತಿ. ಕೊಳವಿ ಉದ್ದಾದ್ರ ಎಲ್ಲಾ ನೆಟ್ಟಗಾಗತೈತಿ" ಎಂಬುದು ಅವರ ಸಿದ್ಧಾಂತ.

ಉದ್ದ ಕೊಳವೆಯ ಮೋಹ ನಮ್ಮ ನಾಡಿಗೆ ಹೊಸದಲ್ಲ. 1604ರ ಸುಮಾರಿಗೆ ಅಕ್ಬರನ ದೂತ ಅಸದ್ ಬೇಗನು, ಇಂದು ವಿಜಯಪುರವೆನಿಸಿದ ಬಿಜಾಪುರದಲ್ಲಿ ತಂಬಾಕನ್ನು ಮೊದಲ ಬಾರಿಗೆ ಕಂಡು, ಮೂರು ಮೊಳದ ರತ್ನಖಚಿತ ಕೊಳವೆಯೊಡನೆ ಅದನ್ನು ಬಾದಶಹನಿಗೆ ಒಯ್ದನು. ಅಕ್ಬರನು ಎರಡು ಮೂರು ಸಲ ಎಳೆಯುವಷ್ಟರಲ್ಲಿ, ಗುಣ ತಿಳಿಯದ ಈ ವಸ್ತು ಬೇಡವೆಂದು ವೈದ್ಯನು ತಡೆದನು. ಅಕ್ಬರನ ಮಗ ಜಹಾಂಗೀರನು 1617ರಲ್ಲಿ ಧೂಮಪಾನವನ್ನೇ ನಿಷೇಧಿಸಿದನು. ಬಳಕೆ ಮಾತ್ರ ನಿಲ್ಲಲಿಲ್ಲ.

ಆ ವೈದ್ಯನ ಶಂಕೆ ನಿಜವಾಯಿತು. ಬಾಯಿ, ಗಂಟಲು, ಶ್ವಾಸಕೋಶಗಳ ಕ್ಯಾನ್ಸರಿಗೆ ತಂಬಾಕಿನ ಹೊಗೆ ಕಾರಣವೆಂಬುದು ಇಂದು ನಿರ್ವಿವಾದ. ಕೊಳವೆ ಉದ್ದವಾದರೆ ಹೊಗೆಯ ಕಾವು ಇಳಿದೀತು, ವಿಷವು ಇಳಿಯದು.

ಇದನ್ನು ಮಾವನಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಒಂದು ಸಂಜೆ ಕಟ್ಟೆಯ ಮೇಲೆ ಬಹಳ ಹೊತ್ತು ಕೆಮ್ಮಿ, ಚುಂಗಾಣಿಯನ್ನು ತಿರುಗಿಸಿ ನೋಡುತ್ತ ಅವರೇ ಅಂದರು: "ಅಳಿಯಾ, ಹೊಗಿ ತಂಪಾತು, ಎದಿ ತಂಪಾಗಲಿಲ್ಲ ನೋಡು."

ಮರುದಿನ ಅದನ್ನು ತೊಳೆದು, ಒರೆಸಿ, ಗೋಡೆಯ ಮಾಡದಲ್ಲಿಟ್ಟರು. ಕೆಮ್ಮು ಪೂರ್ತಿಯಾಗಿ ಹೋಗಲಿಲ್ಲ. ಆದರೆ ಚುಂಗಾಣಿಗೆ ಅವರು ಮತ್ತೆ ಬೆಂಕಿ ಮುಟ್ಟಿಸಲಿಲ್ಲ. ಅದಕ್ಕೆ ಮಾಡಿದ ದುರಸ್ತಿಗಳಲ್ಲೆಲ್ಲ ಸಫಲವಾದುದು ಇದೊಂದೇ.